ಸಿಲ್ಕ್ ಬೋರ್ಡ್ ಜಾಮಿಗೆ ಎಂಥ ಐಷಾರಾಮಿ ಕಾರು ಬೇಕು? ಸದ್ದು ಕಡಿಮೆ, ಕುಲುಕಾಟ ಕಡಿಮೆ ಇರುವ ಕಾರು ಆರಿಸುವ ಸಮಗ್ರ ಮಾರ್ಗದರ್ಶಿ

ನಾಲ್ಕು ವರ್ಷ ನಾನು ಒಂದು ಸ್ಪೋರ್ಟ್ಸ್ ಸೆಡಾನ್ ಓಡಿಸಿದೆ. ಯಾವ ಕಂಪನಿ ಅನ್ನೋದು ಬೇಡ. ಕಾರು ಚೆನ್ನಾಗಿಯೇ ಇತ್ತು, ತಪ್ಪು ನನ್ನದು. ಬನಶಂಕರಿಯಿಂದ ಬೆಳ್ಳಂದೂರಿಗೆ ದಿನಾ ಹೋಗಿಬರುವವನು, ರೇಸಿಗೆ ಹೋಗುವವನ ಹಾಗೆ ಕಾರು ತಗೊಂಡಿದ್ದೆ. ಅಷ್ಟೂ ಕುದುರೆಶಕ್ತಿ ಇಟ್ಟುಕೊಂಡು ಸಿಲ್ಕ್ ಬೋರ್ಡ್ ಹತ್ತಿರ ಬಿಎಂಟಿಸಿ ಬಸ್ಸಿನ ಹಿಂಭಾಗ ನೋಡುತ್ತಾ ಕೂರುವುದು ನನ್ನ ದಿನಚರಿ.

ಒಂದು ಮಳೆಗಾಲದ ಬೆಳಿಗ್ಗೆ ಬಿಟಿಎಂ ಲೇಔಟ್ ದಾಟುವಾಗ ನೀರು ತುಂಬಿದ ಗುಂಡಿಗೆ ಮುಂದಿನ ಎಡ ಚಕ್ರ ಇಳಿಯಿತು. ಧಡ್ ಅಂತ ಒಂದು ಸದ್ದು, ಅಷ್ಟೇ. ಆಫೀಸಿನ ಬೇಸ್‌ಮೆಂಟಿನಲ್ಲಿ ಇಳಿದು ನೋಡಿದರೆ ಟೈರಿನ ಪಕ್ಕದಲ್ಲಿ ಅರ್ಧ ನಿಂಬೆಹಣ್ಣು ಅಂಟಿಸಿದ ಹಾಗೆ ಒಂದು ಬುಗುಟೆ. ಸಂಜೆ ಟೈರ್ ಅಂಗಡಿಯವನು ಅದನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, "ಇದು ಟೈರಾ ಸಾರ್? ರಿಮ್ಮಿಗೆ ಬಳೆ ತೊಡಿಸ್ದಂಗಿದೆ" ಅಂದ.

ಕಾರು ಕೊಳ್ಳುವ ಮೊದಲು ನಾನು ಓದಿದ್ದ ಯಾವ ಬ್ರೋಷರ್ ಕೂಡ ಇಷ್ಟು ಸ್ಪಷ್ಟವಾಗಿ ವಿಷಯ ಹೇಳಿರಲಿಲ್ಲ. ಆಮೇಲೆ ಎರಡನೇ ಕಾರು ಹುಡುಕಲು ಎಂಟು ತಿಂಗಳು ತಗೊಂಡೆ. ಆ ಹುಡುಕಾಟದಲ್ಲಿ ಕಲಿತದ್ದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. 40 ಲಕ್ಷದಿಂದ ಒಂದು ಕೋಟಿಯವರೆಗಿನ ಹೊಸ ಕಾರು, ಅಥವಾ ಅದರ ಅರ್ಧ ಬೆಲೆಗೆ ಸಿಗುವ ಹಳೆಯದು ನೋಡುತ್ತಿರುವವರಿಗೆ ಇದು ಉಪಯೋಗಕ್ಕೆ ಬರುತ್ತೆ. ಉದಾಹರಣೆ ಎಲ್ಲ ಬೆಂಗಳೂರಿನವು, ಯಾಕಂದ್ರೆ ನನಗೆ ಗೊತ್ತಿರುವ ಗುಂಡಿಗಳು ಇಲ್ಲಿಯವು.

ಹೆಜ್ಜೆ 1: ಒಂದು ವಾರ ನಿಮ್ಮ ದಾರಿಯನ್ನು ಬರೆದಿಡಿ

ಯೂಟ್ಯೂಬ್ ವಿಮರ್ಶೆ ಆಮೇಲೆ ನೋಡಿ. ಮೊದಲು ಒಂದು ಚೀಟಿ ತಗೊಂಡು ಐದು ದಿನ ಬರೆಯಿರಿ. ಎಷ್ಟು ಕಿ.ಮೀ., ಎಷ್ಟು ನಿಮಿಷ, ಎಷ್ಟು ಹಂಪು. 60ಕ್ಕಿಂತ ಜಾಸ್ತಿ ವೇಗದಲ್ಲಿ ಓಡಿದ್ದು ಎಷ್ಟು ಹೊತ್ತು. ದಾರಿಯಲ್ಲಿ ಫೋನಿನಲ್ಲಿ ಮಾತಾಡಿದ್ದು ಎಷ್ಟು.

ನನ್ನ ಚೀಟಿ ಹೀಗಿತ್ತು: ಒಂದು ಕಡೆಗೆ 14 ಕಿ.ಮೀ., ಬೆಳಿಗ್ಗೆ 50 ನಿಮಿಷ, ಸಂಜೆ 70, ಹಂಪು 17. ಐದು ದಿನದಲ್ಲಿ ಒಂದು ಸಲವೂ ಮುಳ್ಳು 80 ದಾಟಲಿಲ್ಲ. ಇದೇನು ನನ್ನೊಬ್ಬನ ಕಥೆಯಲ್ಲ. ಟಾಮ್‌ಟಾಮ್ ಅನ್ನೋ ಟ್ರಾಫಿಕ್ ಅಳೆಯುವ ಕಂಪನಿಯ 2022ರ ಲೆಕ್ಕದಲ್ಲಿ ಬೆಂಗಳೂರಿನ ಮಧ್ಯಭಾಗದಲ್ಲಿ 10 ಕಿ.ಮೀ. ಹೋಗಲು ಸರಾಸರಿ 29 ನಿಮಿಷ 10 ಸೆಕೆಂಡ್ ಬೇಕಿತ್ತು. ಲಂಡನ್ ಬಿಟ್ಟರೆ ನಮ್ಮದೇ ಎರಡನೇ ಸ್ಥಾನ. ಅಂದರೆ ಗಂಟೆಗೆ 20 ಕಿ.ಮೀ. ಚಿಲ್ಲರೆ.

ಈ ಚೀಟಿ ಯಾಕೆ ಅಂದ್ರೆ, ದಾರಿ ಬದಲಾದರೆ ಕಾರಿನಲ್ಲಿ ನೋಡಬೇಕಾದ್ದೂ ಬದಲಾಗುತ್ತೆ. ನನ್ನ ಹಾಗೆ ತೆವಳುವವರಿಗೆ ಗೇರ್‌ಬಾಕ್ಸು, ಸೀಟು, ಟೈರು ಮುಖ್ಯ. ದೇವನಹಳ್ಳಿ ಕಡೆಯಿಂದ ಏರ್‌ಪೋರ್ಟ್ ರಸ್ತೆಯಲ್ಲಿ ಬರುವವರಿಗೆ, ನೈಸ್ ರಸ್ತೆ ಹಿಡಿಯುವವರಿಗೆ ಟೈರಿನ ಗುಂಯ್ ಸದ್ದು ಮತ್ತು ಗಾಳಿ ಸದ್ದು ಜಾಸ್ತಿ ಕಾಡುತ್ತೆ. ವಾರಕ್ಕೆರಡು ಸಲ ಮೈಸೂರಿಗೆ ಎಕ್ಸ್‌ಪ್ರೆಸ್‌ವೇಯಲ್ಲಿ ಹೋಗಿಬರುವವರೂ ಈ ಎರಡನೇ ಗುಂಪಿಗೇ ಸೇರುತ್ತಾರೆ.

ಹೆಜ್ಜೆ 2: ಯಾರು ಎಲ್ಲಿ ಕೂರುತ್ತಾರೆ?

ಡ್ರೈವರ್ ಇದ್ದಾರಾ, ನೀವೇ ಓಡಿಸ್ತೀರಾ? ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಪಟ್ಟಿಯಲ್ಲಿ ಅರ್ಧ ಕಾರು ಹೋಗುತ್ತವೆ.

ಹಿಂದೆ ಕೂರುವವರಾದರೆ ವೀಲ್‌ಬೇಸ್ ನೋಡಿ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಅಂತರ ಅದು. ಪುಣೆ ಬಳಿಯ ಚಾಕಣದಲ್ಲಿ ತಯಾರಾಗುವ ಮರ್ಸಿಡಿಸ್ ಇ-ಕ್ಲಾಸ್ 2017ರಿಂದ ನಮ್ಮಲ್ಲಿ ಉದ್ದದ ರೂಪದಲ್ಲಿ ಬರುತ್ತಿದೆ. 2024ರಲ್ಲಿ ಬಂದದ್ದರ ವೀಲ್‌ಬೇಸ್ 3,094 ಮಿ.ಮೀ. ಅದೇ ವರ್ಷ ಬಂದ ಉದ್ದದ ಬಿಎಂಡಬ್ಲ್ಯು 5 ಸೀರೀಸ್‌ದು 3,105. ವೀಲ್‌ಬೇಸ್ ಉದ್ದ ಇದ್ದಷ್ಟೂ ಹಂಪಿನ ಮೇಲೆ ಕಾರು ತೊಟ್ಟಿಲಿನ ಹಾಗೆ ಹಿಂದೆ ಮುಂದೆ ತೂಗುವುದು ಕಡಿಮೆ. ಕಾಲು ಚಾಚುವ ಜಾಗ ಬೇರೆ ಸಿಗುತ್ತೆ.

ನೀವೇ ಓಡಿಸುವುದಾದರೆ ಅಷ್ಟು ಉದ್ದ ಯಾಕೆ? ಹಿಂದಿನ ಸೀಟಿನಲ್ಲಿ ಲ್ಯಾಪ್‌ಟಾಪ್ ಬ್ಯಾಗ್ ಒಂದೇ ಕಾಲು ಚಾಚಿ ಮಲಗಿರುತ್ತೆ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಕಂಬದ ಸುತ್ತ ಐದು ಮೀಟರ್ ಕಾರು ತಿರುಗಿಸುವ ಕಷ್ಟ ಮಾತ್ರ ನಿಮಗೆ.

ಇನ್ನೊಂದು ಮಾತು. ಅಪ್ಪ ಅಮ್ಮ ಜೊತೆಗಿದ್ದರೆ ಕಾರಿನ ಪಕ್ಕ ನಿಲ್ಲಿಸಿ ಒಮ್ಮೆ ಹತ್ತಿ ಇಳಿಯಲು ಹೇಳಿ. ಮಂಡಿ ನೋವಿರುವವರಿಗೆ ತಗ್ಗು ಸೀಟಿನ ಕಾರು ಅಂದರೆ ಬಾವಿಗೆ ಇಳಿದು ಹತ್ತಿದ ಹಾಗೆ. ನನ್ನ ಹಳೆ ಕಾರಿಗೆ ಅಮ್ಮ ಹತ್ತುವುದನ್ನೇ ಬಿಟ್ಟಿದ್ದರು. ಕೇಳಿದರೆ "ನಂಗೆ ಆಟೋನೇ ಸುಖ ಕಣೋ" ಅನ್ನೋರು.

ಹೆಜ್ಜೆ 3: ಟೈರಿನ ಮೇಲಿನ ಅಂಕಿ ಓದಲು ಕಲಿಯಿರಿ

ಇಡೀ ಲೇಖನದಲ್ಲಿ ಒಂದೇ ಭಾಗ ಓದುವವರಿದ್ದರೆ ಇದನ್ನು ಓದಿ.

ಟೈರಿನ ಪಕ್ಕೆಯಲ್ಲಿ 245/40 ಆರ್19 ಅಂತ ಏನೋ ಬರೆದಿರುತ್ತೆ. ಮೊದಲನೆಯದು ಟೈರಿನ ಅಗಲ, ಮಿ.ಮೀ. ಲೆಕ್ಕದಲ್ಲಿ. ಎರಡನೆಯದು ಪಕ್ಕೆಯ ಎತ್ತರ, ಅಗಲದ ಶೇಕಡಾ ಇಷ್ಟು ಅಂತ. ಮೂರನೆಯದು ರಿಮ್ಮಿನ ಅಳತೆ, ಇಂಚಿನಲ್ಲಿ. 245ರಲ್ಲಿ ಶೇ. 40 ಅಂದರೆ 98 ಮಿ.ಮೀ. ಗುಂಡಿಗೂ ನಿಮ್ಮ ಬೆನ್ನಿಗೂ ನಡುವೆ ಮೊದಲು ಸಿಗುವ ಮೆತ್ತೆ ಇಷ್ಟೇ: 98 ಮಿ.ಮೀ. ರಬ್ಬರು ಮತ್ತು ಗಾಳಿ.

ಈಗ ಮೂರು ಟೈರು ಪಕ್ಕಪಕ್ಕ ಇಟ್ಟು ನೋಡೋಣ. 225/55 ಆರ್17ರ ಪಕ್ಕೆ 124 ಮಿ.ಮೀ. 245/45 ಆರ್18ರದ್ದು 110. 245/40 ಆರ್19ರದ್ದು 98. ಮಜಾ ಏನಂದ್ರೆ ಮೂರರ ಒಟ್ಟು ಎತ್ತರ ಹೆಚ್ಚುಕಡಿಮೆ ಒಂದೇ, 678 ಮಿ.ಮೀ. ಆಸುಪಾಸು. ಹೊರಗಿನಿಂದ ಚಕ್ರ ಅಷ್ಟೇ ದೊಡ್ಡದು. ಒಳಗೆ ಲೋಹ ಜಾಸ್ತಿಯಾದಷ್ಟೂ ಗಾಳಿ ಕಡಿಮೆ. ಶೋರೂಮಿನ ದೀಪದಲ್ಲಿ ದೊಡ್ಡ ರಿಮ್ಮು ಚೆಂದ ಕಾಣುತ್ತೆ, ಅದರ ಬೆಲೆ ದಿನಾ ಸೊಂಟ ತೆರುತ್ತೆ. ನನ್ನ ಹಳೆ ಕಾರಿನ ಟೈರು 255/35 ಆರ್19. ಪಕ್ಕೆ 89 ಮಿ.ಮೀ. ಟೈರ್ ಅಂಗಡಿಯವನು ಬಳೆ ಅಂದದ್ದರಲ್ಲಿ ಅತಿಶಯ ಏನಿದೆ ಹೇಳಿ?

ಹಾಗಾಗಿ ಒಂದೇ ಕಾರಿನ ಎರಡು ವೇರಿಯಂಟ್ ಇದ್ದರೆ, ಚಿಕ್ಕ ರಿಮ್ಮಿನದು ನೋಡಿ. ದುಬಾರಿ ವೇರಿಯಂಟೇ ಬೇಕು, ಆದರೆ ಅದರ ರಿಮ್ಮು ದೊಡ್ಡದು ಅಂದ್ರೆ ಬುಕ್ ಮಾಡುವಾಗಲೇ ಚಿಕ್ಕ ರಿಮ್ಮಿಗೆ ಬದಲಾಯಿಸಿ ಕೊಡ್ತಾರಾ ಕೇಳಿ. ಆಮೇಲೆ ಹೊರಗೆ ಬದಲಾಯಿಸುವುದಾದರೆ ಮೂರು ವಿಷಯ ನೋಡಬೇಕು. ಬ್ರೇಕ್ ಕ್ಯಾಲಿಪರ್ (ಡಿಸ್ಕನ್ನು ಅದುಮಿ ಹಿಡಿಯುವ ಭಾಗ) ಚಿಕ್ಕ ರಿಮ್ಮಿನೊಳಗೆ ಹಿಡಿಸಬೇಕು. ಟೈರಿನ ಭಾರ ಹೊರುವ ಅಂಕಿ ಮೊದಲಿನದಕ್ಕಿಂತ ಕಡಿಮೆ ಇರಬಾರದು. ಒಟ್ಟು ಎತ್ತರ ಮೇಲಿನ ಲೆಕ್ಕದ ಹಾಗೆ ಕೂಡಿಬರಬೇಕು, ಇಲ್ಲದಿದ್ದರೆ ಸ್ಪೀಡೋಮೀಟರ್ ಸುಳ್ಳು ಹೇಳುತ್ತೆ. ವಾರಂಟಿ ಮತ್ತು ಇನ್ಶೂರೆನ್ಸ್ ಮಾತು ಬರವಣಿಗೆಯಲ್ಲಿ ತಗೊಳ್ಳಿ.

ರನ್‌ಫ್ಲ್ಯಾಟ್ ಟೈರಿನ ಬಗ್ಗೆಯೂ ಕೇಳಿ. ಪಂಕ್ಚರ್ ಆದರೂ ಸ್ವಲ್ಪ ದೂರ ಓಡುವ ಟೈರು ಅದು. ಗಾಳಿ ಇಲ್ಲದಾಗಲೂ ಕಾರು ಹೊರಬೇಕಲ್ಲ, ಅದಕ್ಕೆ ಪಕ್ಕೆ ಗಟ್ಟಿ ಇರುತ್ತೆ. ಗಟ್ಟಿ ಪಕ್ಕೆ ಅಂದರೆ ಸಣ್ಣ ಸಣ್ಣ ಕುಲುಕಾಟ ಜಾಸ್ತಿ. ಊರೊಳಗೆ ಓಡಾಡುವವರಿಗೆ ಗಲ್ಲಿಗೊಂದು ಪಂಕ್ಚರ್ ಅಂಗಡಿ ಇದೆ, ಮಾಮೂಲಿ ಟೈರು ಮತ್ತು ಡಿಕ್ಕಿಯಲ್ಲಿ ಒಂದು ಸ್ಟೆಪ್ನಿ ಸಾಕು ಅನ್ನೋದು ನನ್ನ ಅಭಿಪ್ರಾಯ. ರಾತ್ರಿ ಒಬ್ಬರೇ ದೂರ ಓಡಿಸುವವರು ಬೇರೆ ಥರ ಯೋಚಿಸಬಹುದು.

ಹೆಜ್ಜೆ 4: ಗೇರ್‌ಬಾಕ್ಸು 10 ಕಿ.ಮೀ. ವೇಗದಲ್ಲಿ ಹೇಗಿದೆ?

ಸೊನ್ನೆಯಿಂದ 100ಕ್ಕೆ ಎಷ್ಟು ಸೆಕೆಂಡ್ ಅಂತ ಎಲ್ಲರೂ ಹೇಳ್ತಾರೆ. ಬಿಎಂಡಬ್ಲ್ಯು ಎಂ340ಐ 374 ಕುದುರೆಶಕ್ತಿಯದು, 4.4 ಸೆಕೆಂಡ್ ಸಾಕು. ಅದ್ಭುತವಾದ ಕಾರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸೊನ್ನೆಯಿಂದ 12ಕ್ಕೆ ಹೋಗಿ ಮತ್ತೆ ಸೊನ್ನೆಗೆ ಬರುವುದು, ಇದನ್ನೇ ಮುನ್ನೂರು ಸಲ ಮಾಡುವುದು ಹೇಗಿರುತ್ತೆ ಅಂತ ಯಾರೂ ಹೇಳಲ್ಲ. ನಮ್ಮ ದಿನ ಕಳೆಯುವುದು ಅಲ್ಲೇ.

ಡ್ಯುಯಲ್ ಕ್ಲಚ್ ಗೇರ್‌ಬಾಕ್ಸಿನಲ್ಲಿ ಒಳಗೆ ಎರಡು ಕ್ಲಚ್ ಇರುತ್ತವೆ, ಕಂಪ್ಯೂಟರ್ ಅವನ್ನು ಒತ್ತಿ ಬಿಡುತ್ತೆ. ಓಡುವಾಗ ಗೇರು ಬಿದ್ದದ್ದೇ ಗೊತ್ತಾಗಲ್ಲ. ತೆವಳುವಾಗ ಮಾತ್ರ ಅದಕ್ಕೂ ನಮ್ಮ ಹಾಗೇ ಅರ್ಧ ಕ್ಲಚ್ಚಿನ ಗತಿ: ಸಣ್ಣಗೆ ಜಗ್ಗುತ್ತೆ, ಬಿಸಿಯಾಗುತ್ತೆ. ಆಡಿ ಎ4, ಮರ್ಸಿಡಿಸ್ ಜಿಎಲ್‌ಎ, ಸ್ಕೋಡಾ ಸೂಪರ್ಬ್ ಪೆಟ್ರೋಲ್ ಈ ಪೈಕಿ. ಟಾರ್ಕ್ ಕನ್ವರ್ಟರ್ ಇರುವ ಗೇರ್‌ಬಾಕ್ಸಿನಲ್ಲಿ ಎಂಜಿನ್ನಿಗೂ ಗೇರಿಗೂ ನಡುವೆ ಎಣ್ಣೆ ಇರುತ್ತೆ, ಜಗ್ಗಾಟವನ್ನು ಎಣ್ಣೆಯೇ ನುಂಗಿಕೊಳ್ಳುತ್ತೆ. ಬಿಎಂಡಬ್ಲ್ಯು 3 ಮತ್ತು 5, ಮರ್ಸಿಡಿಸ್ ಸಿ ಮತ್ತು ಇ ಈ ಸಾಲಿನವು.

ಜಾಮಿಗೆ ಎಲ್ಲಕ್ಕಿಂತ ನಯವಾದದ್ದು ಸ್ಟ್ರಾಂಗ್ ಹೈಬ್ರಿಡ್ ಮತ್ತು ಎಲೆಕ್ಟ್ರಿಕ್. ಹೈಬ್ರಿಡ್ ವಿಷಯದಲ್ಲಿ ನಮ್ಮೂರಿಗೊಂದು ಹೆಮ್ಮೆ ಇದೆ. ಟೊಯೋಟಾ ಕ್ಯಾಮ್ರಿ ಹೈಬ್ರಿಡ್ ನಮ್ಮ ಬಿಡದಿಯದ್ದೇ. ಲೆಕ್ಸಸ್ ಇಎಸ್ 300ಎಚ್ ಕೂಡ 2020ರಿಂದ ಅಲ್ಲೇ ತಯಾರಾಗಲು ಶುರುವಾಯಿತು. ಎರಡರಲ್ಲೂ 2.5 ಲೀಟರ್ ಪೆಟ್ರೋಲ್ ಎಂಜಿನ್, ಜೊತೆಗೆ ಮೋಟಾರು. ನಿಧಾನವಾಗಿ ಹೊರಟಾಗ ಎಂಜಿನ್ ಮಲಗಿರುತ್ತೆ, ಕಾರು ಬ್ಯಾಟರಿಯಲ್ಲೇ ಸರಿಯುತ್ತೆ. ಬೇಕಂತ ಒಮ್ಮೆಲೇ ಆಕ್ಸಿಲರೇಟರ್ ತುಳಿದರೆ ಮಾತ್ರ ಎಂಜಿನ್ ಹೋ ಅಂತ ಒಂದು ರಾಗ ಎಳೆಯುತ್ತೆ, ಅದು ಕೆಲವರಿಗೆ ಹಿಡಿಸಲ್ಲ. ಟೆಸ್ಟ್ ಡ್ರೈವಿನಲ್ಲಿ ಅದನ್ನೂ ಕೇಳಿಸಿಕೊಳ್ಳಿ.

ಆಟೋ ಹೋಲ್ಡ್ ಬಟನ್ ಇಲ್ಲದ ಕಾರನ್ನು ಮಾತ್ರ ತಗೊಳ್ಳಲೇಬೇಡಿ. ಸಿಗ್ನಲ್ಲಿನಲ್ಲಿ ಕಾಲು ತೆಗೆದರೂ ಬ್ರೇಕ್ ಹಿಡಿದೇ ಇರುತ್ತೆ. ತಿಂಗಳೊಪ್ಪತ್ತಿನಲ್ಲಿ ಬಲಗಾಲು ನಿಮಗೆ ಥ್ಯಾಂಕ್ಸ್ ಹೇಳುತ್ತೆ.

ಹೆಜ್ಜೆ 5: ಸದ್ದು ಎಲ್ಲಿಂದ ಬರುತ್ತೆ ಗೊತ್ತಾ?

ಎಂಜಿನ್ ಸದ್ದು ಒಂದೇ ಅಲ್ಲ. ಟೈರು ರಸ್ತೆಗೆ ಉಜ್ಜುವ ಸದ್ದಿದೆ, ವೇಗ ಜಾಸ್ತಿಯಾದರೆ ಗಾಳಿ ಸದ್ದಿದೆ, ಇವೆಲ್ಲದರ ಮೇಲೆ ಹೊರಗಿನವರ ಹಾರ್ನ್, ಬಸ್ಸು, ಬುಲೆಟ್ಟು. ಊರೊಳಗೆ ಈ ಕೊನೆಯದೇ ದೊಡ್ಡ ಶತ್ರು.

ಅದಕ್ಕೆ ಮದ್ದು ಗಾಜು. ಮುಂದಿನ ದೊಡ್ಡ ಗಾಜು ಎಲ್ಲ ಕಾರಿನಲ್ಲೂ ಎರಡು ಪದರದ ಲ್ಯಾಮಿನೇಟೆಡ್ ಗಾಜೇ. ಬಾಗಿಲಿನ ಗಾಜು ಮಾತ್ರ ಸಾಮಾನ್ಯವಾಗಿ ಒಂಟಿ ಪದರದ್ದು. ಒಳ್ಳೆಯ ಐಷಾರಾಮಿ ಕಾರುಗಳಲ್ಲಿ ಬಾಗಿಲಿಗೂ ಎರಡು ಪದರ ಹಾಕಿ, ನಡುವೆ ಸದ್ದು ತಡೆಯುವ ತೆಳು ಪ್ಲಾಸ್ಟಿಕ್ ಹಾಳೆ ಇಟ್ಟಿರುತ್ತಾರೆ. ಸೇಲ್ಸಿನವರನ್ನು ಕೇಳಿದರೆ "ಇದೆ ಸಾರ್" ಅಂತಲೇ ಹೇಳ್ತಾರೆ. ನೀವೇ ನೋಡಿ: ಗಾಜನ್ನು ಅರ್ಧ ಇಳಿಸಿ, ಅದರ ಮೇಲಂಚನ್ನು ಬೆಳಕಿಗೆ ಹಿಡಿದ ಹಾಗೆ ಮೇಲಿನಿಂದ ಇಣುಕಿ. ಎರಡು ಪದರ ಇದ್ದರೆ ನಡುವೆ ಒಂದು ಗೆರೆ ಕಾಣುತ್ತೆ, ಬಿಸ್ಕತ್ತಿನ ನಡುವೆ ಕ್ರೀಮ್ ಇದ್ದ ಹಾಗೆ. ಗಾಜಿನ ಮೂಲೆಯ ಮುದ್ರೆಯಲ್ಲೂ ಬರೆದಿರುತ್ತೆ. ಎಷ್ಟೋ ಕಾರಿನಲ್ಲಿ ಮುಂದಿನ ಬಾಗಿಲಿಗೆ ಎರಡು ಪದರ, ಹಿಂದಿನದಕ್ಕೆ ಒಂದೇ. ಹಿಂದೆ ಕೂರುವವರು ಹಿಂದಿನದನ್ನೇ ನೋಡಬೇಕು.

ಎಲೆಕ್ಟ್ರಿಕ್ ಕಾರಿನ ಬಗ್ಗೆ ಒಂದು ಎಚ್ಚರಿಕೆ. ಎಂಜಿನ್ ಇಲ್ಲ, ಹಾಗಾಗಿ ಸದ್ದೇ ಇಲ್ಲ ಅಂದುಕೊಳ್ತೇವೆ. ಆದರೆ ಎಂಜಿನ್ ಸುಮ್ಮನಾದಾಗ ಅದರ ಹಿಂದೆ ಅಡಗಿದ್ದ ಟೈರಿನ ಸದ್ದು, ಡ್ಯಾಶ್‌ಬೋರ್ಡಿನ ಕಿರ್ರು ಎಲ್ಲ ಕಿವಿಗೆ ಬೀಳುತ್ತೆ. ಬ್ಯಾಟರಿ ತೂಕ ಹೊರಲು ಸ್ಪ್ರಿಂಗ್ ಕೂಡ ಗಟ್ಟಿ ಇಟ್ಟಿರುತ್ತಾರೆ. ಚೆನ್ನಾಗಿ ಮಾಡಿದ ಇವಿ ಸ್ವರ್ಗ, ಅವಸರದಲ್ಲಿ ಮಾಡಿದ್ದು ಸೈಲೆಂಟ್ ಎತ್ತಿನಗಾಡಿ.

ಹೆಜ್ಜೆ 6: ಟೆಸ್ಟ್ ಡ್ರೈವ್, ನಿಮ್ಮ ದಾರಿಯಲ್ಲಿ, ನಿಮ್ಮ ಹೊತ್ತಿನಲ್ಲಿ

ಶೋರೂಮಿನವರು ಕರೆದೊಯ್ಯುವ ದಾರಿ ಯಾವಾಗಲೂ ಚೆನ್ನಾಗಿರುತ್ತೆ. ಅದಕ್ಕೇ ಅದನ್ನು ಆರಿಸಿರುತ್ತಾರೆ. ಭಾನುವಾರ ಬೆಳಿಗ್ಗೆ ಅವರ ದಾರಿಯಲ್ಲಿ 4 ಕಿ.ಮೀ. ಓಡಿಸಿ 60 ಲಕ್ಷ ಕೊಡಬೇಡಿ. ಮಂಗಳವಾರ ಎಂಟೂವರೆಗೆ ಕಾರನ್ನು ಮನೆಗೆ ತರಲು ಹೇಳಿ. ತರಲ್ಲ ಅಂದ್ರೆ ಬೇರೆ ಡೀಲರ್ ಇದ್ದಾರೆ.

ಕಾರು ಬಂದ ಕೂಡಲೇ ಟೈರಿನ ಅಂಕಿ ನೋಡಿ. ನೀವು ಕೊಳ್ಳುವ ವೇರಿಯಂಟಿನ ರಿಮ್ಮೇ ಇದಕ್ಕೂ ಇರಬೇಕು. 18 ಇಂಚಿನ ಕಾರು ಓಡಿಸಿ 20 ಇಂಚಿನದು ಬುಕ್ ಮಾಡಿದರೆ ಟೆಸ್ಟ್ ಡ್ರೈವ್ ಮಾಡಿಯೂ ಮಾಡದ ಹಾಗೆ. ಆಮೇಲೆ ಮ್ಯೂಸಿಕ್ ಆಫ್ ಮಾಡಿ, ಎಸಿ ಫ್ಯಾನ್ ಕಡಿಮೆ ಮಾಡಿ. ಪಕ್ಕದಲ್ಲಿ ಕೂತ ಹುಡುಗನಿಗೆ ನಯವಾಗಿ ಹೇಳಿ, "ಹತ್ತು ನಿಮಿಷ ಮಾತು ಬೇಡಪ್ಪಾ". ಪಾಪ, ಅವರ ಕೆಲಸವೇ ಮಾತು. ಆದರೆ ಆ ಮಾತಿನಲ್ಲಿ ಅರ್ಧ ಸದ್ದು ಮುಚ್ಚಿಹೋಗುತ್ತೆ.

ನಾನು ಮಾಡಿದ ಪರೀಕ್ಷೆಗಳಿವು.

ಬಾಟಲಿ ಪರೀಕ್ಷೆ. ಅರ್ಧ ನೀರಿರುವ ಪಾರದರ್ಶಕ ಬಾಟಲಿಯನ್ನು ಕಪ್ ಹೋಲ್ಡರಿನಲ್ಲಿಡಿ. ಹಾಳು ರಸ್ತೆಯಲ್ಲಿ 30ರ ವೇಗದಲ್ಲಿ ಹೋಗಿ, ಪಕ್ಕದವರಿಗೆ ನೀರು ನೋಡಲು ಹೇಳಿ. ನೀರು ದೊಡ್ಡದಾಗಿ, ನಿಧಾನವಾಗಿ ತೂಗಿದರೆ ಒಳ್ಳೆಯದು. ಮೇಲ್ಮೈಯಲ್ಲಿ ಸಣ್ಣ ಸಣ್ಣ ಅಲೆ ನಡುಗಿದರೆ ಟೈರು, ಸಸ್ಪೆನ್ಷನ್ (ಚಕ್ರಕ್ಕೂ ಕಾರಿಗೂ ನಡುವಿನ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್) ಗಟ್ಟಿ ಅಂತ ಅರ್ಥ. ಕೂತ ಮನುಷ್ಯನ ಮೈಗೆ ಸೆಕೆಂಡಿಗೆ ನಾಲ್ಕರಿಂದ ಎಂಟು ಸಲ ಮೇಲೆ ಕೆಳಗೆ ಕುಲುಕುವುದು ಅತಿ ಹೆಚ್ಚು ಆಯಾಸ ಕೊಡುತ್ತೆ. ಸೆಕೆಂಡಿಗೆ ಒಂದು ಸಲ ತೂಗಿದರೆ ಅದು ತೊಟ್ಟಿಲು.

ಹಂಪು ಪರೀಕ್ಷೆ. ಹಂಪು ದಾಟಿದ ಮೇಲೆ ಕಾರು ಎಷ್ಟು ಸಲ ಏಳುತ್ತೆ ಎಣಿಸಿ. ಒಮ್ಮೆ ಎದ್ದು ಕೂತರೆ ಸರಿ. ಏಳದೇ ದಡ್ ಅಂದರೆ ಗಟ್ಟಿ. ಎರಡು ಮೂರು ಸಲ ದೋಣಿಯ ಹಾಗೆ ತೇಲಿದರೆ ಅದೂ ಬೇಡ, ಹಿಂದೆ ಕೂತು ಮೊಬೈಲ್ ನೋಡುವವರಿಗೆ ಹೊಟ್ಟೆ ತೊಳೆಸುತ್ತೆ. ಹಳೆ ಕಾರಿನಲ್ಲಿ ಹೀಗಾದರೆ ಶಾಕ್ ಅಬ್ಸಾರ್ಬರ್ ಸುಸ್ತಾಗಿದೆ ಅಂತ.

ತೆವಳುವ ಪರೀಕ್ಷೆ. ಜಾಮಿನಲ್ಲಿ ಬ್ರೇಕಿನಿಂದ ಕಾಲು ತೆಗೆದು ಕಾರು ತಾನಾಗಿ ಸರಿಯಲು ಬಿಡಿ. ಮತ್ತೆ ನಿಲ್ಲಿಸಿ. ಇಪ್ಪತ್ತು ಸಲ ಮಾಡಿ. ಕತ್ತು ಒಂದು ಚೂರಾದರೂ ಮುಂದೆ ಹೋಗಿ ಹಿಂದೆ ಬರುತ್ತಿದ್ದರೆ ಬರೆದುಕೊಳ್ಳಿ.

ಸೀಟಿನ ಪರೀಕ್ಷೆಗೆ ಕನಿಷ್ಠ 40 ನಿಮಿಷ ಬೇಕು. ಪರ್ಸನ್ನು ಹಿಂದಿನ ಜೇಬಿನಿಂದ ತೆಗೆದಿಡಿ. ತೊಡೆಯ ಕೆಳಗೆ ಮಂಡಿಯ ಹತ್ತಿರದವರೆಗೂ ಆಸರೆ ಇರಬೇಕು. ಸ್ಪೋರ್ಟ್ಸ್ ಸೀಟು ಎರಡೂ ಪಕ್ಕದಿಂದ ಅಪ್ಪಿಕೊಳ್ಳುತ್ತೆ, ಮೊದಲ ಐದು ನಿಮಿಷ ಖುಷಿಯಾಗುತ್ತೆ, ನನ್ನಂಥ ಹೊಟ್ಟೆಯವರಿಗೆ ಐವತ್ತನೇ ನಿಮಿಷಕ್ಕೆ ಬಿಡಿಸಿಕೊಂಡರೆ ಸಾಕು ಅನ್ನಿಸುತ್ತೆ.

ಕೊನೆಯದು ಅಮ್ಮನ ಪರೀಕ್ಷೆ. ಮನೆಯಲ್ಲಿರುವ ಯಾರಿಗಾದರೂ ಕಾರಿನ ಬ್ಲೂಟೂತಿನಿಂದ ಫೋನ್ ಮಾಡಿ. ಹಳೆ ಕಾರಿನಿಂದ ಮಾಡಿದಾಗೆಲ್ಲ ಅಮ್ಮ "ಎಲ್ಲಿದ್ದೀಯೋ, ಹಿಟ್ಟಿನ ಗಿರಣಿಲಾ?" ಅನ್ನೋರು. ಹೈಬ್ರಿಡ್ ಸೆಡಾನಿನ ಟೆಸ್ಟ್ ಡ್ರೈವಿನಲ್ಲಿ ಮಡಿವಾಳದ ನಟ್ಟನಡುವೆ ನಿಂತು ಫೋನ್ ಮಾಡಿದೆ. "ಇನ್ನೂ ಮನೆಯಿಂದ ಹೊರಟೇ ಇಲ್ವಾ?" ಅಂದರು.

ಮೊಬೈಲಿನಲ್ಲಿ ಡೆಸಿಬೆಲ್ ಅಳೆಯುವ ಆ್ಯಪ್ ಕೂಡ ಹಾಕಿಕೊಳ್ಳಬಹುದು. ಅದು ತೋರಿಸುವ ಅಂಕಿಯನ್ನು ಪೂರ್ತಿ ನಂಬಬೇಡಿ. ಒಂದೇ ಫೋನು, ಒಂದೇ ಜಾಗ, ಒಂದೇ ವೇಗ ಇಟ್ಟು ಎರಡು ಕಾರು ಹೋಲಿಸಲು ಮಾತ್ರ ಸಾಕು. ಡೆಸಿಬೆಲ್ ಲೆಕ್ಕ ನಮ್ಮ ಮಾಮೂಲಿ ಲೆಕ್ಕದ ಹಾಗಲ್ಲ: 3 ಜಾಸ್ತಿಯಾದರೆ ಸದ್ದಿನ ಶಕ್ತಿ ಎರಡು ಪಟ್ಟು, 10 ಜಾಸ್ತಿಯಾದರೆ ಕಿವಿಗೆ ಹೆಚ್ಚುಕಡಿಮೆ ಎರಡು ಪಟ್ಟು ಜೋರು. ಹಾಗಾಗಿ 62 ಮತ್ತು 66ರ ನಡುವಿನ ವ್ಯತ್ಯಾಸ ಸಣ್ಣದೇನಲ್ಲ. ವೈಟ್ ಟಾಪಿಂಗ್ ಮಾಡಿದ ಕಾಂಕ್ರೀಟ್ ರಸ್ತೆಯಲ್ಲಿ ಒಮ್ಮೆ, ಡಾಂಬರಿನಲ್ಲಿ ಒಮ್ಮೆ ಅಳೆಯಿರಿ. ಕಾಂಕ್ರೀಟಿನಲ್ಲಿ ಟೈರಿನ ಸದ್ದು ಜಾಸ್ತಿ.

ಕಂಫರ್ಟ್, ಸ್ಪೋರ್ಟ್ ಅಂತ ಮೋಡ್ ಬಟನ್ ಇದೆ ಅಂತ ಮರುಳಾಗಬೇಡಿ. ಅಡಾಪ್ಟಿವ್ ಡ್ಯಾಂಪರ್ (ಬಿಗಿ ಹೆಚ್ಚುಕಡಿಮೆ ಮಾಡಬಲ್ಲ ಶಾಕ್ ಅಬ್ಸಾರ್ಬರ್) ಅಥವಾ ಏರ್ ಸಸ್ಪೆನ್ಷನ್ (ಸ್ಪ್ರಿಂಗ್ ಬದಲು ಗಾಳಿಚೀಲ) ಇದ್ದರೆ ಮಾತ್ರ ಆ ಬಟನ್ ಕುಲುಕಾಟ ಬದಲಾಯಿಸುತ್ತೆ. ಇಲ್ಲದಿದ್ದರೆ ಸ್ಟೀರಿಂಗ್ ಭಾರ, ಎಂಜಿನ್ ಚುರುಕು ಅಷ್ಟೇ. ಹಾಗೇ ಎಂ ಸ್ಪೋರ್ಟ್, ಎಎಂಜಿ ಲೈನ್, ಎಸ್ ಲೈನ್ ಅನ್ನೋ ವೇರಿಯಂಟ್ ಹೆಸರುಗಳು. ಕೆಲವು ಕಾರಿನಲ್ಲಿ ಅದು ಬರೀ ಬಂಪರು, ಸ್ಟೀರಿಂಗ್ ಅಲಂಕಾರ. ಕೆಲವದರಲ್ಲಿ ಸಸ್ಪೆನ್ಷನ್ನೇ ತಗ್ಗು, ಗಟ್ಟಿ. "ಈ ವೇರಿಯಂಟಿಗೆ ಸಸ್ಪೆನ್ಷನ್ ಬೇರೆಯಾ?" ಅಂತ ನೇರ ಕೇಳಿ.

ಹೆಜ್ಜೆ 7: ಹಂಪಿನ ಎತ್ತರ, ಬೇಸ್‌ಮೆಂಟಿನ ಇಳಿಜಾರು

ಇಂಡಿಯನ್ ರೋಡ್ಸ್ ಕಾಂಗ್ರೆಸ್ ನಿಯಮದ ಪ್ರಕಾರ ಹಂಪು 3.7 ಮೀಟರ್ ಅಗಲ, 10 ಸೆ.ಮೀ. ಎತ್ತರ ಇರಬೇಕು. 25 ಕಿ.ಮೀ. ವೇಗದಲ್ಲಿ ಆರಾಮಾಗಿ ದಾಟಬಹುದಾದ ಅಳತೆ ಅದು. ನಿಮ್ಮ ಬೀದಿಯವರು ರಾತ್ರೋರಾತ್ರಿ ಹಾಕಿಸಿದ ಹಂಪಿಗೆ ಆ ನಿಯಮ ಗೊತ್ತಿಲ್ಲ. ಉದ್ದದ ಸೆಡಾನ್ ಆದರೆ ನಡು ಹೊಟ್ಟೆ ತಾಗುತ್ತೆ. ಹಿಂದೆ ಮೂವರನ್ನು ಕೂರಿಸಿಕೊಂಡು, ನಿಮ್ಮ ಏರಿಯಾದ ಅತಿ ಕೆಟ್ಟ ಹಂಪು ಒಮ್ಮೆ ದಾಟಿ ನೋಡಿ. ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿದರೆ ಎಷ್ಟೋ ಸಲ ಪಾರಾಗಬಹುದು. ಬೇಸ್‌ಮೆಂಟ್ ರ‍್ಯಾಂಪಿನಲ್ಲೂ ಇದೇ.

"ಹಾಗಾದ್ರೆ ಎಸ್‌ಯುವಿ ತಗೊಳ್ಳೋದೇ ವಾಸಿ ಅಲ್ವಾ?" ಅಂತ ಎಲ್ಲರೂ ಕೇಳ್ತಾರೆ. ಹೊಟ್ಟೆ ತಾಗಲ್ಲ ನಿಜ, ಅಪ್ಪ ಅಮ್ಮನಿಗೆ ಹತ್ತಲೂ ಸುಲಭ. ಆದರೆ ಎತ್ತರದ ಕಾರು ತಿರುವಿನಲ್ಲಿ ವಾಲದಿರಲು ಸಸ್ಪೆನ್ಷನ್ ಬಿಗಿ ಇಟ್ಟಿರುತ್ತಾರೆ. ಒಂದೇ ಬೆಲೆಯ ಸೆಡಾನಿನಲ್ಲಿ ತಲೆ ಅಕ್ಕಪಕ್ಕ ಅಲ್ಲಾಡುವುದು ಕಡಿಮೆ. ನನ್ನ ಓಟು ಸೆಡಾನಿಗೆ.

ಹೆಜ್ಜೆ 8: ದುಡ್ಡಿನ ಮಾತು

ಕರ್ನಾಟಕದಲ್ಲಿ 20 ಲಕ್ಷ ಮೀರಿದ ಪೆಟ್ರೋಲ್, ಡೀಸೆಲ್ ಕಾರಿಗೆ ಶೇ. 18 ಆಜೀವ ತೆರಿಗೆ, ಅದರ ಮೇಲೆ ಸೆಸ್. ಹೆಚ್ಚುಕಡಿಮೆ ಐದನೇ ಒಂದು ಪಾಲು. 50 ಲಕ್ಷದ ಕಾರಿಗೆ 10 ಲಕ್ಷ ಬರೀ ಆರ್‌ಟಿಒಗೆ. ಇವಿಗೆ ಇದ್ದ ಪೂರ್ತಿ ವಿನಾಯಿತಿ 25 ಲಕ್ಷ ಮೀರಿದವಕ್ಕೆ 2024ರಲ್ಲಿ ಹೋಯಿತು, ಶೇ. 10 ಬಂತು. ದರ ಬದಲಾಗುತ್ತಿರುತ್ತೆ, ಬುಕ್ ಮಾಡುವ ದಿನ ಮತ್ತೆ ಕೇಳಿ. ಕ್ಯಾಮ್ರಿ 2024ರ ಡಿಸೆಂಬರಿನಲ್ಲಿ ಬಂದಾಗ 48 ಲಕ್ಷ ಎಕ್ಸ್ ಶೋರೂಮ್ ಇತ್ತು. ರಸ್ತೆಗಿಳಿಯುವ ಹೊತ್ತಿಗೆ ಎಷ್ಟಾಗುತ್ತೆ ಅಂತ ಇದರಲ್ಲೇ ಊಹಿಸಿ.

ಹಳೆ ಕಾರು ನೋಡುವವರಿಗೆ ಖುಷಿಯ ವಿಷಯ: ಮೆತ್ತನೆಯ ಕಾರುಗಳನ್ನು ಮೊದಲ ಮಾಲೀಕರು ಹೆಚ್ಚಾಗಿ ಮೆತ್ತಗೇ ಓಡಿಸಿರುತ್ತಾರೆ. 2017ರಿಂದ ಬಂದ ಹಿಂದಿನ ತಲೆಮಾರಿನ ಉದ್ದದ ಇ-ಕ್ಲಾಸ್ ಹುಡುಕಿ ನೋಡಿ. ಏರ್ ಸಸ್ಪೆನ್ಷನ್ ಇರುವ ಹಳೆ ಕಾರಾದರೆ ಮಾತ್ರ ಹುಷಾರು. ಅದರ ಗಾಳಿಚೀಲ ರಬ್ಬರಿನದು, ವಯಸ್ಸಾದಂತೆ ಬಿರುಕು ಬಿಡುತ್ತೆ, ಬದಲಾಯಿಸಲು ಲಕ್ಷದ ಮಾತು. ರಾತ್ರಿ ನಿಲ್ಲಿಸಿದ ಕಾರನ್ನು ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ ಹೋಗಿ ನೋಡಿ. ಒಂದು ಮೂಲೆ ಕುಸಿದು ಕೂತಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ. ಬೇರೆ ರಾಜ್ಯದ ನೋಂದಣಿ ಕಾರು ಅಗ್ಗಕ್ಕೆ ಸಿಕ್ಕಿತು ಅಂತ ಹಿಗ್ಗಬೇಡಿ. ಇಲ್ಲಿನ ತೆರಿಗೆ ಕಟ್ಟಿದ ರಸೀದಿ ಕೇಳಿ.

ಸ್ಪೋರ್ಟ್ಸ್ ಕಾರೇ ಬೇಕು ಅನ್ನುವವರಿಗೆ

ತಿಂಗಳಿಗೆರಡು ಸಲ ಮೂಡಿಗೆರೆಯ ಕಡೆ ಹೊರಟು, ಬೆಳಗಿನ ಜಾವ ಚಾರ್ಮಾಡಿ ಘಾಟಿಯ ತಿರುವು ಇಳಿಯುವುದೇ ನಿಮ್ಮ ಸಂತೋಷ ಆದರೆ ನಾನ್ಯಾರು ಬೇಡ ಅನ್ನಲು. ನನಗೂ ಆ ಕಾರಿನ ಸ್ಟೀರಿಂಗ್ ಈಗಲೂ ನೆನಪಾಗುತ್ತೆ. ಆದರೆ ಚೀಟಿ ತೆಗೆದು ನೋಡಿ. ಘಾಟಿಯಲ್ಲಿ ಎಷ್ಟು ಗಂಟೆ, ಸಿಲ್ಕ್ ಬೋರ್ಡಿನಲ್ಲಿ ಎಷ್ಟು ಗಂಟೆ? ಅಷ್ಟಾದ ಮೇಲೂ ಬೇಕು ಅನ್ನಿಸಿದರೆ ಅಡಾಪ್ಟಿವ್ ಡ್ಯಾಂಪರ್ ಇರುವ, ಚಿಕ್ಕ ರಿಮ್ಮಿನ ವೇರಿಯಂಟ್ ಹುಡುಕಿ.

ಕಾರು ಮನೆಗೆ ಬಂದ ಮೇಲೆ

ಮೆತ್ತನೆಯ ಕಾರನ್ನು ಒಂದೇ ದಿನದಲ್ಲಿ ಗಟ್ಟಿ ಮಾಡುವ ವಿದ್ಯೆ ಪೆಟ್ರೋಲ್ ಬಂಕಿನಲ್ಲಿದೆ. ಡ್ರೈವರ್ ಬಾಗಿಲು ತೆಗೆದರೆ ಪಕ್ಕದ ಕಂಬದಲ್ಲಿ ಒಂದು ಸ್ಟಿಕ್ಕರ್ ಕಾಣುತ್ತೆ. ಟೈರಿಗೆ ಎಷ್ಟು ಗಾಳಿ ಅಂತ ಅದರಲ್ಲಿದೆ. ಇಬ್ಬರಿದ್ದಾಗ ಒಂದು ಅಂಕಿ, ಕಾರು ತುಂಬಿದಾಗ ಇನ್ನೊಂದು. ದಿನಾ ಒಬ್ಬರೇ ಓಡಾಡುವವರಿಗೆ ಮೊದಲನೆಯದು ಸಾಕು. ಟೈರು ತಣ್ಣಗಿದ್ದಾಗ, ಅಂದರೆ ಬೆಳಿಗ್ಗೆ ಹೊರಟ ಮೊದಲ ಎರಡು ಕಿ.ಮೀ. ಒಳಗೆ ಹಾಕಿಸಿ. ಬಂಕಿನ ಹುಡುಗ ನೋಡದೆಯೇ "ಎಲ್ಲಾ ಕಾರಿಗೂ 38 ಸಾರ್" ಅಂತ ಪೈಪ್ ಹಿಡಿದು ಬರುತ್ತಾನೆ. ಬಾಗಿಲು ತೆಗೆದು ಸ್ಟಿಕ್ಕರ್ ತೋರಿಸಿ. ನಮ್ಮ ಬಂಕಿನವನು ಮೂರನೇ ತಿಂಗಳಿಗೆ ಕಲಿತ. ಈಗ ನಾನು ಹೋದ ಕೂಡಲೇ ಅವನೇ ಬಾಗಿಲು ತೆಗೆದು ಬಗ್ಗಿ ಓದುತ್ತಾನೆ.